ಸಾಕಾಗದೆ ಸಾಕಾಗಿದೆ

ಏಜೆನ್ಸಿಯಲ್ಲಿ ಅವನನ್ನು ಎಲ್ಲರೂ ಒತ್ತುವೈರಿ ಎಂದು ಕರೆಯುತ್ತಿದ್ದರು. ಮುಖಕ್ಕೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಜಾಹೀರಾತಿನ ತಲೆಬರಹದಲ್ಲಿ ಒಂದೂ ಒತ್ತಕ್ಷರ ಇರಕೂಡದು ಎನ್ನುವುದು ಅವನ ಹಟ. ಕೈಯಗಲದ ಅಕ್ಷರದಲ್ಲಿ ಅಚ್ಚಾದಾಗ ಒತ್ತು ಕೆಳಗೆ ಜೋತಾಡುತ್ತದೆ, ಕೆಳಸಾಲಿನ ಗುಡಿಸಿಗೆ ಹೋಗಿ ಗುದ್ದುತ್ತದೆ, ಗುದ್ದಬಾರದೆಂದು ಎರಡು ಸಾಲಿನ ನಡುವೆ ಜಾಗ ಬಿಟ್ಟರೆ ಅಕ್ಷರವೇ ಸಣ್ಣದಾಗುತ್ತದೆ. ಅಕ್ಷರ ಸಣ್ಣದಾದರೆ, ಬೆಳಗಿನ ಕಾಫಿ ಕೈಯಲ್ಲಿ ಹಿಡಿದವನ ಕಣ್ಣು ಪಕ್ಕದ ಅಪಘಾತದ ಸುದ್ದಿಗೆ ಜಾರುತ್ತದೆ. ಇದನ್ನು ಅವನು ಹೊಸದಾಗಿ ಸೇರಿದವರಿಗೆಲ್ಲ ಕೂರಿಸಿಕೊಂಡು ಹೇಳುತ್ತಿದ್ದ. ಅವರು ತಲೆಯಾಡಿಸಿ ಕೇಳಿ, ಆಚೆ ಹೋಗಿ ನಗುತ್ತಿದ್ದರು. ತನಗಿಟ್ಟ ಹೆಸರಿನಲ್ಲೇ ಒಂದು ಒತ್ತು ನೇತಾಡುತ್ತಿದೆಯಲ್ಲ ಎಂಬ ಬೇಸರ ಮಾತ್ರ ಅವನೊಬ್ಬನದಾಗಿತ್ತು.

ಮೀಸೆ ಕಪ್ಪಗಿದ್ದಾಗ ಸೇರಿದವನು ಅದೇ ಮೇಜಿನ ಮುಂದೆ ಕೂತು ಮೀಸೆ ಬೆಳ್ಳಗೆ ಮಾಡಿಕೊಂಡಿದ್ದ. ಸೊಳ್ಳೆಬತ್ತಿಗೆ ಬರೆದಿದ್ದ, ಬನಿಯನ್ನಿಗೆ ಬರೆದಿದ್ದ, ನೆಲ ಒರೆಸುವ ನೀರಿಗೂ ಬರೆದಿದ್ದ. ಅವನ ಸಾಲುಗಳು ಊರಿಗೆಲ್ಲ ಬಾಯಿಪಾಠ. ಬರೆದವನು ಬಸ್ಸಿನಲ್ಲಿ ಎದುರಿಗೆ ನಿಂತರೆ ‘ಸ್ವಲ್ಪ ಸರೀರಿ’ ಎನ್ನುತ್ತಿದ್ದರು. ಅದರ ಬಗ್ಗೆ ಅವನಿಗೆ ದೂರಿರಲಿಲ್ಲ. ಜನರನ್ನು ಗಮನಿಸುವುದು ತನ್ನ ಕಸುಬು, ಜನ ತನ್ನನ್ನು ಗಮನಿಸದಿದ್ದರೇ ಅನುಕೂಲ ಎಂದುಕೊಂಡಿದ್ದ. ಅವನ ಕಣ್ಣು ನಿಜಕ್ಕೂ ಚುರುಕು. ಯಾರು ಚಪ್ಪಲಿ ಬಿಡುವಾಗ ಗೋಡೆಗೆ ಕೈ ಊರುತ್ತಾರೆ, ಯಾರು ಕನ್ನಡಕ ಮರೆತು ಬಂದು ಕೈ ಉದ್ದ ಮಾಡಿ ಓದುತ್ತಾರೆ, ಎಲ್ಲ ಅವನಿಗೆ ಕಾಣುತ್ತಿತ್ತು. ಕಂಡದ್ದನ್ನು ಏನು ಮಾಡಬೇಕು ಎಂಬ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ, ಬರೆಯುವುದು. ಅವನ ಸಂಸಾರ ಕೆಟ್ಟದ್ದು ಅಲ್ಲಿಂದಲೇ.

ಹಳೆಯ ಯಜಮಾನರು ತೀರಿಕೊಂಡ ಮೇಲೆ ಅವರ ಮಗ ಕುರ್ಚಿಗೆ ಬಂದ. ಚಿಕ್ಕ ಯಜಮಾನ ಮಿಕ್ಕವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ, ಒತ್ತುವೈರಿಯನ್ನು ಮಾತ್ರ ‘ಗುರುಗಳೇ’ ಎನ್ನುತ್ತಿದ್ದ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಅಳೆಯಲು ಹೋದರೆ ನಿದ್ದೆ ಕೆಡುತ್ತಿತ್ತು. ಹಳಬರಿಬ್ಬರಿಗೆ ಆಗಲೇ ಹೂಗುಚ್ಛ ಕೊಟ್ಟು, ಫೋಟೊ ತೆಗೆಸಿ, ಮನೆಗೆ ಕಳಿಸಿಯಾಗಿತ್ತು. ಅಂದಿನಿಂದ ಆಫೀಸಿಗೆ ಯಾರೇ ಹೂಗುಚ್ಛ ಹಿಡಿದು ಬರಲಿ, ಒತ್ತುವೈರಿಯ ಎದೆ ಧಸಕ್ ಎನ್ನುತ್ತಿತ್ತು.

ಹೀಗಿರುವಾಗ ವಿಟಮಿನ್ ಮಾತ್ರೆಯ ಕಂಪನಿಯೊಂದು ಕೆಲಸ ತಂದಿತು. ದಿನಕ್ಕೊಂದು ನುಂಗಿದರೆ ಸುಸ್ತು ಓಡಿಹೋಗುತ್ತದೆ ಎನ್ನುವ ಮಾತ್ರೆ. ನಡುವಯಸ್ಸಿನವರು ಇನ್ನೂ ಪೇಪರ್ ಓದುತ್ತಾರೆ, ಸುಸ್ತಾಗುವವರೂ ಅವರೇ, ಹಾಗಾಗಿ ಪೇಪರಿನಲ್ಲೇ ಅರ್ಧ ಪುಟ ಬೇಕು ಎಂದರು ಕಂಪನಿಯ ಮ್ಯಾನೇಜರ್. ಚಿಕ್ಕ ಯಜಮಾನ ಕಾಗದಗಳನ್ನು ಒತ್ತುವೈರಿಯ ಮೇಜಿಗೆ ತಂದಿಟ್ಟು, “ಇದೊಂದು ನೋಡೋಣ ಗುರುಗಳೇ” ಎಂದ. ‘ಇದೊಂದು’ ಎನ್ನುವುದನ್ನು ಅವನು ಹೇಳಿದ ರೀತಿಯಲ್ಲೇ ಹೂವಿನ ವಾಸನೆ ಬಂತು. ಇದು ಗೆದ್ದರೆ ಉಳಿಯುತ್ತೇನೆ, ಸೋತರೆ ಹೋಗುತ್ತೇನೆ ಎಂದು ಒತ್ತುವೈರಿಗೆ ಖಾತ್ರಿಯಾಯಿತು.

ಮೊದಲು ಅವನು ಎಲ್ಲರೂ ಮಾಡುವುದನ್ನೇ ಮಾಡಿದ. ಬೆಟ್ಟದ ಮೇಲೆ ಸೂರ್ಯ ಹುಟ್ಟಿಸಿದ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪನನ್ನು ತಂದ. ಸೈಕಲ್ ತುಳಿಯುವ ಮುದುಕ ಮುದುಕಿಯನ್ನೂ ತಂದ. ಚಿಕ್ಕ ಯಜಮಾನ ಒಂದೊಂದನ್ನೇ ನೋಡಿ ಪಕ್ಕಕ್ಕಿಟ್ಟ.

“ಸೂರ್ಯ ಎಲ್ಲ ಮಾತ್ರೆ ಕಂಪನಿಗೂ ಹುಟ್ಟುತ್ತಾನೆ ಗುರುಗಳೇ” ಎಂದ. “ನಮ್ಮಪ್ಪ ನಿಮಗೆ ಏನೋ ಸೂತ್ರ ಹೇಳಿಕೊಟ್ಟಿದ್ರಂತಲ್ಲ.”

ಸೂತ್ರ ಅವನಿಗೆ ಮರೆತಿರಲಿಲ್ಲ. ‘ನಿಲ್ಲಿಸು, ನೋಯಿಸು, ಆಮೇಲೆ ಬಾಟಲಿ ತೋರಿಸು’ ಎನ್ನುತ್ತಿದ್ದರು ಹಳೆಯ ಯಜಮಾನರು. ಪುಟ ತಿರುವುವವನ ಕೈ ನಿಲ್ಲಬೇಕು. ಎಲ್ಲಿ ನೋವಿದೆಯೋ ಅಲ್ಲೇ ಬೆರಳಿಡಬೇಕು. ಆಗ ಮಾತ್ರ ಬಾಟಲಿಗೆ ಬೆಲೆ. ಸೂರ್ಯ ಯಾರನ್ನೂ ನೋಯಿಸುವುದಿಲ್ಲ, ಅದೇ ತೊಂದರೆ. ಒತ್ತುವೈರಿ ನೋವನ್ನು ಹುಡುಕಿಕೊಂಡು ವಾರವಿಡೀ ಬಸ್ಸು, ಆಸ್ಪತ್ರೆ, ಬ್ಯಾಂಕಿನ ಸರದಿ ಎಲ್ಲ ಸುತ್ತಿದ. ಸಿಕ್ಕಿದ್ದು ಭಾನುವಾರ, ಮನೆಯಲ್ಲೇ.

ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಒಳಕೋಣೆಯಲ್ಲಿ ಅವನ ತಾಯಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಆಕೆಗೆ ಮಂಚವೇ ಲೋಕ. ಮಂಚದ ಮೇಲಿದ್ದೂ ದೇಹ ಭಾರವಾಗುತ್ತ ಹೋಗಿತ್ತು, ನಾಲಿಗೆ ಹಗುರಾಗುತ್ತ ಹೋಗಿತ್ತು. ಆಕೆಯನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು ಎಲ್ಲ ಒತ್ತುವೈರಿಯ ಹೆಂಡತಿಯ ಪಾಲು. ಅದಲ್ಲದೆ ಅವಳು ಎರಡು ಬೀದಿ ಆಚೆಯ ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತಿದ್ದಳು. ಬೆಳಿಗ್ಗೆ ಹೋಗುವಾಗ ಅಡುಗೆ ಮಾಡಿಟ್ಟು ಹೋಗುವುದು, ಬರುವಾಗ ಎರಡು ಕೈಯಲ್ಲೂ ಚೀಲ ತರುವುದು. ಗಂಡನಿಗೆ ಮನೆಗೆಲಸ ಬರುವುದಿಲ್ಲ ಎಂದೇನಲ್ಲ. ಹೇಳಿದರೆ ‘ಆಮೇಲೆ ಮಾಡ್ತೀನಿ’ ಎನ್ನುತ್ತಿದ್ದ. ಅವನ ಆಮೇಲೆ ಬರುವಷ್ಟರಲ್ಲಿ ಅವಳೇ ಮಾಡಿ ಮುಗಿಸಿರುತ್ತಿದ್ದಳು.

ಆ ಭಾನುವಾರ ಅಂಗಡಿ ಅರ್ಧ ದಿನ. ಅವಳು ಬಂದು, ಅತ್ತೆಯ ಮೈ ಒರೆಸಿ, ಬಟ್ಟೆ ನೆನೆಸಿ, ಅವನಿಗೆ ಬಡಿಸಿ, ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ತಟ್ಟೆ ಹಿಡಿದು ಕೂತಳು. ಕೈ ತಟ್ಟೆಯ ಅಂಚಿನ ಮೇಲಿತ್ತು, ಏಳಲಿಲ್ಲ. ಒತ್ತುವೈರಿ ಊಟ ಮುಗಿಸಿ ಕೈ ತೊಳೆಯಲು ಹೋಗುವವನು ಅವಳ ತಟ್ಟೆ ನೋಡಿದ.

“ಇಷ್ಟೇನಾ ಅನ್ನ ಉಳಿದಿರೋದು? ನಿನಗೆ ಸಾಕಾಗತ್ತಾ?”

“ಸಾಕಾಗದೆ ಏನು” ಎಂದಳು ಅವಳು. ಒಂದು ಗಳಿಗೆ ಬಿಟ್ಟು, ಯಾರಿಗೂ ಅಲ್ಲದ ಹಾಗೆ, “ಸಾಕಾಗಿದೆ” ಎಂದಳು.

ಮೊದಲನೆಯದು ಅನ್ನದ ಮಾತು, ಎರಡನೆಯದು ಜೀವದ ಮಾತು. ಅಲ್ಲಿ ಬೇರೆ ಯಾವ ಗಂಡ ಇದ್ದಿದ್ದರೂ ಒಂದೋ ಎರಡನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ, ಇಲ್ಲವೇ ಎರಡನೆಯದನ್ನು ಕೇಳಿಸಿಕೊಂಡು ಪಕ್ಕದಲ್ಲಿ ಕೂರುತ್ತಿದ್ದ. ಒತ್ತುವೈರಿ ಎರಡನ್ನೂ ಕೇಳಿಸಿಕೊಂಡ. ಕೇಳಿಸಿಕೊಂಡು ನಡುವಿನ ‘ಏನು’ ತೆಗೆದುಹಾಕಿದ. ಸಾಕಾಗದೆ ಸಾಕಾಗಿದೆ. ಮೈಗೆ ಬೇಕಾದದ್ದು ಸಾಕಾಗದೆ ಜೀವ ಸಾಕಾಗಿದೆ. ಅವನ ಮೈ ಜುಮ್ಮೆಂದಿತು. ಬಾಯೊಳಗೇ ಇನ್ನೊಮ್ಮೆ ಹೇಳಿಕೊಂಡು ಅಕ್ಷರ ಅಕ್ಷರವಾಗಿ ತಡಕಾಡಿದ. ಒಂದೂ ಒತ್ತಿಲ್ಲ.

ಆಗ ಅವಳ ಮುಖದತ್ತ ನೋಡಿದ. ಕಣ್ಣ ಕೆಳಗಿನ ಕಪ್ಪು, ಅಂಗಡಿಯಲ್ಲಿ ನಗುತ್ತ ನಗುತ್ತ ಸಡಿಲವಾದ ಕೆನ್ನೆ, ತಟ್ಟೆಯ ಆಚೆ ಎಲ್ಲೋ ನೆಟ್ಟ ನೋಟ. ಕಿಟಕಿಯ ಬೆಳಕು ಒಂದು ಮಗ್ಗುಲಿಗೆ ಸರಿಯಾಗಿ ಬಿದ್ದಿತ್ತು.

“ಹಾಗೇ ಇರು, ಒಂದು ನಿಮಿಷ” ಎಂದು ಫೋನ್ ತಂದು ಎರಡು ಮೂರು ಚಿತ್ರ ತೆಗೆದ.

“ಏನ್ರೀ ಅದು?”

“ಏನಿಲ್ಲ, ಬೆಳಕು ನೋಡ್ತಿದ್ದೆ. ಆಫೀಸಿಗೆ.”

ಅವಳು ಮೊದಲ ತುತ್ತು ಎತ್ತಿದಳು.

ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ ಎಂದು ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅಳತೆಗೆಂದು ಸದ್ಯಕ್ಕೆ ಅವಳ ಮುಖ ಹಾಕಿ ಲೇಔಟ್ ಮಾಡಿಸೋಣ, ಒಪ್ಪಿಗೆಯಾದ ಮೇಲೆ ಮಾಡೆಲ್ ಕರೆಸಿ ಇದೇ ಭಂಗಿಯಲ್ಲಿ ತೆಗೆಸೋಣ ಎಂದು ಅವನು ಅಂದುಕೊಂಡದ್ದು ನಿಜ. ಎಡಕ್ಕೆ ಮುಖ, ಬಲಕ್ಕೆ ಖಾಲಿ ಜಾಗ, ಅದರಲ್ಲಿ ಕೈಯಗಲದ ಅಕ್ಷರದಲ್ಲಿ ‘ಸಾಕಾಗದೆ ಸಾಕಾಗಿದೆ’. ಅದರ ಕೆಳಗೆ ನಾಲ್ಕೇ ಸಾಲು: ‘ಮೆಟ್ಟಿಲ ನಡುವೆ ಒಮ್ಮೆ ನಿಲ್ಲುತ್ತೀರಿ. ಯಾರೂ ನೋಡಲಿಲ್ಲ ಎಂದುಕೊಳ್ಳುತ್ತೀರಿ. ಕೂತಲ್ಲಿಂದ ಏಳಲು ಮೊಣಕಾಲಿಗೆ ಕೈ ಊರುತ್ತೀರಿ. ತಟ್ಟೆ ಮುಂದಿದ್ದರೂ ಮೊದಲ ತುತ್ತಿಗೆ ಕೈ ಏಳುವುದಿಲ್ಲ.’ ಮೂಲೆಯಲ್ಲಿ ಬಾಟಲಿ. ಬಾಟಲಿಯ ಕೆಳಗೆ, ಇರುವೆಯೂ ಕಷ್ಟಪಟ್ಟು ಓದುವಂಥ ಅಕ್ಷರದಲ್ಲಿ, ಇದು ಔಷಧವಲ್ಲ ಎಂಬ ಕಾನೂನಿನ ಸಾಲು.

ಕಂಪನಿಯ ಮ್ಯಾನೇಜರ್ ಲೇಔಟನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಆಮೇಲೆ, “ಯಾರು ಈ ಮಾಡೆಲ್?” ಎಂದರು.

“ಇವರು ಅಳತೆಗೆ ಅಷ್ಟೆ ಸರ್. ಮಾಡೆಲ್ ಬೇರೆ ಕರೆಸ್ತೀವಿ” ಎಂದ ಒತ್ತುವೈರಿ.

“ಯಾಕ್ರೀ ಬೇರೆ? ಇದು ಅಭಿನಯ ಮಾಡಿದ್ರೆ ಬರೋ ಮುಖ ಅಲ್ಲ. ಇವರೇ ಇರಲಿ.”

ಚಿಕ್ಕ ಯಜಮಾನ ಒತ್ತುವೈರಿಯ ಕಡೆ ತಿರುಗಿ, “ಅವರ ಒಪ್ಪಿಗೆ ಸಿಗತ್ತಾ ಗುರುಗಳೇ?” ಎಂದ.

ಇಲ್ಲ ಎನ್ನುವುದಕ್ಕೆ ಅದೇ ಸರಿಯಾದ ಸಮಯವಾಗಿತ್ತು. ಇವಳು ನನ್ನ ಹೆಂಡತಿ, ಅವಳಿಗೆ ಇದು ಗೊತ್ತೇ ಇಲ್ಲ ಎಂದು ಒಂದು ಮಾತು ಸಾಕಿತ್ತು. ಒತ್ತುವೈರಿಗೆ ಮೇಜಿನ ಆಚೆ ಹೂಗುಚ್ಛ ಕಂಡಿತು. “ಗೊತ್ತಿರೋರೇ. ಅದು ನನಗೆ ಬಿಡಿ” ಎಂದ. ಹೆಂಡತಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡ.

ಆಮೇಲೆ ಎನ್ನುವುದು ಆ ಮನೆಯಲ್ಲಿ ಎಂದು ಬಂದಿತ್ತು, ಈಗ ಬರಲು? ಜಾಹೀರಾತು ಬಂದ ಬೆಳಿಗ್ಗೆ ಅವನು ಮೊದಲೇ ಎದ್ದು ಬಾಗಿಲಲ್ಲಿದ್ದ ಪೇಪರನ್ನು ಚೀಲಕ್ಕೆ ತುರುಕಿಕೊಂಡ. “ಪೇಪರಿನವನು ಇವತ್ತು ಕೈ ಕೊಟ್ಟ” ಎಂದ. ಆಫೀಸಿನಲ್ಲಿ ಕೇಕ್ ತರಿಸಿದ್ದರು. ಫೋನುಗಳು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದ್ದವು. ಎಷ್ಟೋ ಹೆಂಗಸರು ಕಂಪನಿಗೆ ಫೋನ್ ಮಾಡಿ ಇದು ನನ್ನ ಬಗ್ಗೆಯೇ ಬರೆದ ಹಾಗಿದೆ ಎಂದರಂತೆ. ಚಿಕ್ಕ ಯಜಮಾನ ಜಾಹೀರಾತನ್ನು ಗೋಡೆಗೆ ಹಾಕಿಸಿ, ಕಿಟಕಿಯ ಪಕ್ಕದ ಮೇಜನ್ನು ಒತ್ತುವೈರಿಗೆ ಬಿಟ್ಟುಕೊಟ್ಟ. ಮೊದಲ ಸಲ ‘ಗುರುಗಳೇ’ಯಲ್ಲಿ ಗೇಲಿ ಇರಲಿಲ್ಲ. ಒತ್ತುವೈರಿ ದಿನವಿಡೀ ಉಬ್ಬಿಹೋಗಿದ್ದ. ಅವನಿಗೆ ಆ ಸಂತೋಷವಿಲ್ಲದೆ ಬಹಳ ಕಾಲವಾಗಿತ್ತು.

ಸಂಜೆ ಅವನು ಮನೆಗೆ ಬಂದಾಗ ಹೆಂಡತಿ ಇನ್ನೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಂದಳು. ಚೀಲಗಳನ್ನು ಕೆಳಗಿಟ್ಟು, ಕೈ ತೊಳೆದು, ಅತ್ತೆಗೆ ಕಾಫಿ ಕೊಟ್ಟು ಬಂದು ಅವನೆದುರು ಕೂತಳು. ಚೀಲದಿಂದ ಮಡಿಸಿದ ಪೇಪರ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

“ಒಬ್ಬಾಕೆ ಇದನ್ನ ಹಿಡ್ಕೊಂಡು ಅಂಗಡಿಗೆ ಬಂದ್ಲು. ಈ ಮಾತ್ರೆ ಕೊಡಿ ಅಂದ್ಲು. ಕೊಟ್ಟೆ. ಪೇಪರ್ ನೋಡಿದ್ಲು, ನನ್ನ ನೋಡಿದ್ಲು. ಅಕ್ಕಾ, ಇದು ನೀವೇ ಅಲ್ವಾ ಅಂದ್ಲು.”

“ಹೇಳೋಣ ಅಂತಿದ್ದೆ ಕಣೇ. ಅಳತೆಗೆ ಅಂತ ಹಾಕಿದ್ದು, ಅವರು ಅದನ್ನೇ...”

“ಫೋಟೊ ವಿಷಯ ಬಿಡಿ.” ಅವಳು ಬೆರಳಿಟ್ಟು ಕೆಳಗಿನ ಸಾಲು ಓದಿದಳು, ಶಾಲೆಯ ಹುಡುಗಿ ಓದುವಂತೆ, ಏರಿಳಿತವಿಲ್ಲದೆ. “ಮೆಟ್ಟಿಲ ನಡುವೆ ಒಮ್ಮೆ ನಿಲ್ಲುತ್ತೀರಿ. ಯಾರೂ ನೋಡಲಿಲ್ಲ ಎಂದುಕೊಳ್ಳುತ್ತೀರಿ.” ತಲೆ ಎತ್ತಿದಳು. “ಇದು ನಿಮಗೆ ಗೊತ್ತಿತ್ತಾ?”

ಇಲ್ಲಿಯೂ ಅವನಿಗೆ ತಪ್ಪಿಸಿಕೊಳ್ಳುವ ದಾರಿಯಿತ್ತು. ಸುಮ್ಮನೆ ಕಲ್ಪಿಸಿ ಬರೆದೆ ಎನ್ನಬಹುದಿತ್ತು. ಬರೆಯುವವನ ಜಂಭ ಅವನನ್ನು ಬಿಡಲಿಲ್ಲ.

“ಗೊತ್ತಿತ್ತು” ಎಂದ. “ನನ್ನ ಕಣ್ಣಿಗೆ ಏನು ಬೀಳಲ್ಲ ಹೇಳು. ಎರಡನೇ ಮಹಡಿ ತಿರುವಿನಲ್ಲಿ ನಿಲ್ತೀಯ. ಮೇಲಿಂದ ಕಾಣತ್ತೆ.”

“ಯಾವಾಗಿಂದ ನೋಡಿದ್ದೀರಿ?”

“ಅಮ್ಮ ಬಿದ್ದಾಗಿಂದ ಇರಬೇಕು.”

“ಆಗ ನನ್ನ ಎರಡೂ ಕೈಲಿ ಚೀಲ ಇರ್ತಿತ್ತು. ಅದನ್ನೂ ಬರೀಬೇಕಿತ್ತು.”

ಒಳಗಿನಿಂದ ತಾಯಿ ಯಾರನ್ನೋ ಕರೆದರು, ಇಬ್ಬರೂ ಏಳಲಿಲ್ಲ.

“ಗಂಡಸರಿಗೆ ಇವೆಲ್ಲ ಕಾಣಲ್ಲ ಅಂದ್ಕೊಂಡಿದ್ದೆ” ಎಂದಳು ಅವಳು. ಸ್ವರ ಏರಿರಲಿಲ್ಲ. “ಪಾಪ, ಅವರಿಗೆ ಗೊತ್ತಾಗಲ್ಲ, ಅವರ ತಲೆ ಯಾವಾಗ್ಲೂ ಆಫೀಸಿನಲ್ಲಿರತ್ತೆ ಅಂತ ನನಗೆ ನಾನೇ ಹೇಳ್ಕೊಂಡು ಇಷ್ಟು ವರ್ಷ ನಿಮ್ಮನ್ನ ಮಾಫಿ ಮಾಡಿದ್ದೆ. ನೀವು ನೋಡಿದ್ದೀರಿ. ಎಷ್ಟು ಚೆನ್ನಾಗಿ ನೋಡಿದ್ದೀರಿ. ಅವತ್ತು ಹಾಗೇ ಇರು ಅಂದ್ರಲ್ಲ, ನೀರು ತಂದ್ಕೊಡ್ತೀರಿ ಅಂದ್ಕೊಂಡೆ.”

ಅವಳು ಮೊಣಕಾಲಿಗೆ ಕೈ ಊರಿ ಏಳಲು ಹೋದಳು. ಅವನು ನೋಡುತ್ತಿರುವುದು ಕಂಡು ಕೈ ತೆಗೆದು ಹಾಗೇ ಎದ್ದಳು. ಅಂದಿನಿಂದ ಅವನ ಮುಂದೆ ಅವಳು ಮೊಣಕಾಲಿಗೆ ಕೈ ಊರಿದ್ದಿಲ್ಲ. ಮೆಟ್ಟಿಲಲ್ಲಿ ನಿಂತದ್ದೂ ಇಲ್ಲ. ಮೂರು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಿ ಬರುತ್ತಿದ್ದಳು, ಮುಖ ಕೆಂಪಾಗಿರುತ್ತಿತ್ತು. ಅವನು ಒಂದೆರಡು ಸಲ ಚೀಲ ಹಿಡಿಯಲು ಕೆಳಗಿಳಿದು ಹೋದ. “ಬಿಡಿ, ಮುಂದಿನ ಜಾಹೀರಾತಿಗೆ ವಿಷಯ ಸಿಗಲ್ಲ” ಎಂದು ಅವಳು ಪಕ್ಕದಿಂದ ಹತ್ತಿ ಹೋದಳು.

ಇಷ್ಟಕ್ಕೇ ನಿಂತಿದ್ದರೆ ಕಾಲ ಕಳೆದಂತೆ ಗಾಯ ಮಾಯುತ್ತಿತ್ತೇನೋ. ಆದರೆ ಜಾಹೀರಾತು ಬಹಳ ಚೆನ್ನಾಗಿತ್ತು, ಅದೇ ಅವನ ಗ್ರಹಚಾರ. ಕಂಪನಿ ಅದನ್ನೇ ಪೋಸ್ಟರ್ ಮಾಡಿಸಿ ಔಷಧಿ ಅಂಗಡಿಗಳಿಗೆಲ್ಲ ಹಂಚಿತು. ಹೆಂಡತಿಯ ಅಂಗಡಿಯಲ್ಲೂ ಕೌಂಟರಿನ ಹಿಂದೆ, ಅವಳ ತಲೆಯ ಮೇಲೆಯೇ ಅದು ಬಂದು ಕೂತಿತು. ಗಿರಾಕಿಗಳು ಮೇಲೆ ನೋಡುತ್ತಿದ್ದರು, ಕೆಳಗೆ ನೋಡುತ್ತಿದ್ದರು. ಮೇಲಿನ ಮುಖಕ್ಕೂ ಕೆಳಗಿನ ಮುಖಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಬಾಯಿ ಬಿಡುವವರು ಬಿಟ್ಟೇ ಬಿಡುತ್ತಿದ್ದರು: “ಅಂಗಡಿಯಲ್ಲೇ ಇದ್ದು ನಿಮಗೇ ಗುಣ ಆಗಿಲ್ಲ, ನಮಗೇನಾಗತ್ತೆ ತಾಯಿ?” ಊರಲ್ಲೆಲ್ಲ ಖರ್ಚಾಗುತ್ತಿದ್ದ ಮಾತ್ರೆ ಆ ಒಂದು ಅಂಗಡಿಯಲ್ಲಿ ಧೂಳು ಹಿಡಿಯಿತು. ಅಂಗಡಿಯವರು ಕೆಟ್ಟವರಲ್ಲ. ಕರೆದು ಮೆಲ್ಲಗೆ, “ಸ್ವಲ್ಪ ದಿನ ಒಳಗೆ ಸ್ಟಾಕ್ ನೋಡ್ಕೊಳಮ್ಮ” ಎಂದರು.

ಒಳಗೆಂದರೆ ಕಿಟಕಿಯಿಲ್ಲದ ಗೋದಾಮು. ಅವಳಿಗೆ ದಿನದಲ್ಲಿ ಹಿತವಾಗುತ್ತಿದ್ದದ್ದು ಆ ಕೌಂಟರ್ ಒಂದೇ. ಚೀಟಿ ಹಿಡಿದು ಬಂದವರು ಊಟಕ್ಕೆ ಮುಂಚೆಯೋ ಆಮೇಲೋ ಎಂದು ಅವಳನ್ನು ಕೇಳುತ್ತಿದ್ದರು, ಮಗುವಿನ ಜ್ವರ ಇಳಿದದ್ದನ್ನು ಮರುದಿನ ಬಂದು ಹೇಳಿ ಹೋಗುತ್ತಿದ್ದರು. ಅಲ್ಲಿ ಅವಳ ಮಾತಿಗೆ ತೂಕವಿತ್ತು. ಈಗ ರಟ್ಟಿನ ಡಬ್ಬಗಳ ಮೇಲಿನ ತಾರೀಕು ಓದುವುದೊಂದೇ ಕೆಲಸ. ಇದನ್ನು ಅವಳು ಗಂಡನಿಗೆ ಹೇಳಲಿಲ್ಲ. ಅಲ್ಲಿಗೆ ಕೆಮ್ಮಿನ ಮಾತ್ರೆ ಕೊಳ್ಳಲು ಹೋದ ಪಕ್ಕದ ಮನೆಯಾಕೆಯಿಂದ ತಾಯಿಗೆ ತಿಳಿದು, ತಾಯಿಯಿಂದ ಅವನಿಗೆ ತಿಳಿಯಿತು.

“ಅವಳ ಮುಖ ಪೇಪರಿಗೆ ಹಾಕೋ ಬದಲು ನನ್ನ ಮುಖ ಹಾಕಬೇಕಿತ್ತು ಕಣೋ” ಎಂದರು ತಾಯಿ. “ನಾನಾದ್ರೆ ಹೇಗೂ ಮಲಗೇ ಇರ್ತೀನಿ. ಯಾರಿಗೂ ನಷ್ಟ ಇಲ್ಲ.”

ಅದೇ ವಾರ ಕಂಪನಿಯ ಮ್ಯಾನೇಜರ್ ಮತ್ತೆ ಬಂದರು. ಜನ ಈ ಹೆಂಗಸನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ಇನ್ನು ‘ಮುಂಚೆ’ ಆಯಿತು, ‘ಆಮೇಲೆ’ ತೋರಿಸಬೇಕು ಎಂದರು. ಅದೇ ಮುಖ, ಅದೇ ಕಿಟಕಿಯ ಬೆಳಕು, ಆದರೆ ಕಳೆಕಳೆಯಾಗಿ ನಗುತ್ತಿರಬೇಕು. ಚಿಕ್ಕ ಯಜಮಾನ ಒತ್ತುವೈರಿಯನ್ನು ನೋಡಿದ. ಒತ್ತುವೈರಿ ತಲೆ ತಗ್ಗಿಸಿ, ಅವರು ನಮ್ಮ ಮನೆಯವರೇ ಎಂದು ಒಪ್ಪಿಕೊಂಡ.

“ಹಾಗಾದ್ರೆ ಇನ್ನೂ ಸುಲಭ ಆಯ್ತಲ್ಲ” ಎಂದ ಚಿಕ್ಕ ಯಜಮಾನ, ಹಗುರಾಗಿ.

ಒತ್ತುವೈರಿ ಆ ಮಾತನ್ನು ಮನೆಗೆ ಹೊತ್ತು ತಂದ. ಎರಡು ದಿನ ಬಾಯೊಳಗೇ ಇಟ್ಟುಕೊಂಡು, ಮೂರನೆಯ ದಿನ ಅವಳು ಬಟ್ಟೆ ಮಡಿಸುವಾಗ ಹೊರಹಾಕಿದ. ಸ್ಟುಡಿಯೋದಲ್ಲಿ ಮೇಕಪ್ಪಿನವರು ಇರುತ್ತಾರೆ, ಕಷ್ಟವೇನೂ ಇಲ್ಲ, ಪೋಸ್ಟರ್ ಬದಲಾದರೆ ಅಂಗಡಿಯವರೂ ಮತ್ತೆ ಕೌಂಟರಿಗೆ ಕರೆಯುತ್ತಾರೆ, ಇಬ್ಬರಿಗೂ ಒಳ್ಳೆಯದು. ಹೇಳುತ್ತ ಹೇಳುತ್ತ ತನಗೇ ಅದು ಒಳ್ಳೆಯ ಮಾತು ಎನಿಸಿ ಅವನ ಸ್ವರ ಗಟ್ಟಿಯಾಯಿತು. “ಆಮೇಲೆ ಅಂತ ಒಂದು ಬೇಕೇ ಬೇಕಂತೆ” ಎಂದ.

ಅವಳು ಅವನ ಅಂಗಿಯ ತೋಳನ್ನು ಮಡಿಸುತ್ತಿದ್ದವಳು ನಿಲ್ಲಿಸಿದಳು.

“ಆಮೇಲೆ ಅನ್ನೋದು ನಿಮ್ಮ ಮಾತು. ನಲ್ಲಿ ಸೋರ್ತಿದೆ ಅಂದೆ, ಆಮೇಲೆ ಅಂದ್ರಿ. ಅತ್ತೆನ ಒಂದು ಕಡೆ ಹಿಡ್ಕೊಳ್ಳಿ ಅಂದೆ, ಆಮೇಲೆ ಅಂದ್ರಿ. ನನ್ನ ಬೆನ್ನು ನೋವಿಗೆ ಡಾಕ್ಟರ ಹತ್ರ ಹೋಗೋಣ ಅಂದಾಗಲೂ ಅದೇ. ಈಗ ನನ್ನ ಮುಖದ ಮೇಲೂ ಆಮೇಲೆ ಬೇಕಾ ನಿಮಗೆ? ಎಲ್ಲಿಂದ ತರಲಿ?”

“ಕೆಲಸ ಹೋಗತ್ತೆ ಕಣೇ.”

“ಹೋಗತ್ತೆ” ಎಂದು ಅವಳು ಒಪ್ಪಿದಳು. ಅಂಗಿಯನ್ನು ಮಡಿಸಿ ಮುಗಿಸಿ, ಅವನ ಬಟ್ಟೆಗಳ ಮೇಲಿಟ್ಟಳು. “ನನಗೆ ಸಾಕಾಗಿದೆ” ಎಂದಳು.

ಈ ಸಲ ಅವನಿಗೆ ಅದು ತಲೆಬರಹವಾಗಿ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಅತ್ತೆಯ ಮೈ ಒರೆಸಿ, ಹಾಸಿಗೆ ಬದಲಿಸಿ, ಕಾಲು ಮುಟ್ಟಿ ಹೇಳಿ, ಒಂದು ಚೀಲ ಹಿಡಿದು ಅಕ್ಕನ ಮನೆಗೆ ಹೋದಳು. ಅವಳ ಅಕ್ಕ ಊರಾಚೆ ಸಸಿಗಳನ್ನು ಬೆಳೆಸಿ ಮಾರುತ್ತಿದ್ದಳು. ಅವನು ಮೇಲಿನಿಂದ ನೋಡುತ್ತಿದ್ದ. ಎರಡನೇ ಮಹಡಿಯ ತಿರುವಿನಲ್ಲಿ ಅವಳು ನಿಲ್ಲಲಿಲ್ಲ.

ಈಗ ತಾಯಿಯನ್ನು ಎತ್ತುವುದು ಅವನ ಪಾಲಿಗೆ ಬಂತು. ಕಂಕುಳಿಗೆ ಕೈ ಹಾಕಿ ಎಳೆದರೆ ಆಕೆ ನೋವಿನಿಂದ ಮುಲುಗುತ್ತಿದ್ದರು. “ಅವಳು ಎತ್ತಿದ್ರೆ ನೋವಾಗ್ತಿರಲಿಲ್ಲ ಕಣೋ. ಅವಳು ಹೇಗೆ ಎತ್ತುತ್ತಿದ್ಲು ಅಂತ ನೋಡಿಲ್ವಾ ನೀನು?” ಎನ್ನುತ್ತಿದ್ದರು. ನೋಡಿದ್ದ. ಒಂದು ಕೈ ಬೆನ್ನ ಕೆಳಗೆ, ಮೊಣಕಾಲು ಮಂಚದ ಮೇಲೆ, ಕಿವಿಯಲ್ಲಿ ಏನೋ ಹೇಳಿ ನಗಿಸಿ, ನಗುವಾಗಲೇ ಎತ್ತುತ್ತಿದ್ದಳು. ಅಷ್ಟೂ ಅವನಿಗೆ ಗೊತ್ತಿತ್ತು, ಕೈಗೆ ಮಾತ್ರ ಬರಲಿಲ್ಲ. ಕಂಪನಿಯವರು ಪುಕ್ಕಟೆ ಕೊಟ್ಟಿದ್ದ ಬಾಟಲಿಗಳು ಮನೆಯಲ್ಲಿದ್ದವು. ದಿನಕ್ಕೊಂದು ನುಂಗಿದ. ಮೂತ್ರ ಅರಿಸಿನದ ಬಣ್ಣಕ್ಕೆ ತಿರುಗಿತು, ಬೇರೆ ಯಾವ ಬದಲಾವಣೆಯೂ ಆಗಲಿಲ್ಲ. ಮಾರುಕಟ್ಟೆಯಿಂದ ಬರುವಾಗ ಮೆಟ್ಟಿಲ ತಿರುವಿನಲ್ಲಿ ನಿಲ್ಲಲು ಶುರುಮಾಡಿದ. ಅಲ್ಲಿ ನಿಂತರೆ ಮೇಲೆ ತನ್ನದೇ ಮನೆಯ ಕಟಕಟೆ ಕಾಣುತ್ತಿತ್ತು, ಅಲ್ಲಿ ಯಾರೂ ಇರುತ್ತಿರಲಿಲ್ಲ.

ಆಫೀಸಿನಲ್ಲಿ ಬೇರೆ ಬೇರೆ ಮಾಡೆಲ್‌ಗಳನ್ನು ಕರೆಸಿ ‘ಆಮೇಲೆ’ ತೆಗೆಸಿ ನೋಡಿದರು. ಯಾರ ನಗುವೂ ಆ ಮುಖದ ಮುಂದುವರಿಕೆಯಾಗಿ ಕಾಣಲಿಲ್ಲ. ಮ್ಯಾನೇಜರ್ ಒಂದು ಗಡುವು ಕೊಟ್ಟು ಹೋದರು. “ಅವರನ್ನೇ ಹೇಗಾದ್ರೂ ಒಪ್ಪಿಸಿ ಗುರುಗಳೇ” ಎಂದ ಚಿಕ್ಕ ಯಜಮಾನ. ಆ ಹೊತ್ತಿಗೆ ಅವನ ಮೇಜಿನ ಮೇಲೆ ಒಂದು ಹೂಗುಚ್ಛವಿತ್ತು. ಯಾರದೋ ಹುಟ್ಟಿದ ದಿನಕ್ಕೆ ತಂದದ್ದು, ಆದರೂ ಒತ್ತುವೈರಿಯ ಬೆನ್ನಲ್ಲಿ ಬೆವರಿಳಿಯಿತು.

ಮರುದಿನ ಪಕ್ಕದ ಮನೆಯಾಕೆಯನ್ನು ತಾಯಿಯ ಬಳಿ ಕೂರಿಸಿ, ಹೆಂಡತಿಯನ್ನು ಕರೆತರಲು ಹೊರಟ. ಕೆಲಸದ ಮಾತು ಎತ್ತಬಾರದು, ತಪ್ಪಾಯಿತು ಎನ್ನಬೇಕು, ಬೇರೇನೂ ಬೇಡ ಎಂದು ಬಸ್ಸಿನಲ್ಲಿ ಕೂತು ಗಟ್ಟಿ ಮಾಡಿಕೊಂಡ. ಅದು ಸುಳ್ಳಾಗಿರಲಿಲ್ಲ. ಅವಳಿಲ್ಲದ ಮನೆ ಅವನಿಗೆ ಬೇಡವಾಗಿತ್ತು. ಹೇಳಬೇಕಾದ ಮಾತುಗಳನ್ನು ಒಂದರ ಹಿಂದೆ ಒಂದು ಜೋಡಿಸಿಕೊಳ್ಳುತ್ತ, ‘ತಪ್ಪಾಯಿತು’ ಎನ್ನುವುದರಲ್ಲಿ ಒಂದು ಒತ್ತು ಇರುವುದು ಕಂಡು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸಸಿ ತೋಟದ ಗೇಟಿನ ಆಚೆ ಮರದ ನೆರಳಲ್ಲಿ ನಿಂತು ಒಳಗೆ ನೋಡಿದ. ಹೆಂಡತಿ ಕುಂಡಗಳಿಗೆ ನೀರು ಹಾಯಿಸುತ್ತಿದ್ದಳು. ಬಟ್ಟೆಯ ಅಂಚು ಒದ್ದೆ, ಕೈಯೆಲ್ಲ ಮಣ್ಣು. ಕೆಲಸ ಇಲ್ಲಿಯೂ ಕಡಿಮೆ ಇರಲಿಲ್ಲ. ಮುಂದೆ ಒಂದು ದೊಡ್ಡ ಕುಂಡವನ್ನು ಬಿಸಿಲಿಗೆ ಸರಿಸಬೇಕಿತ್ತು. ಅವಳು ಪೈಪ್ ಕೆಳಗಿಟ್ಟು ಅದರ ಒಂದು ಕಿವಿಗೆ ಕೈ ಹಾಕಿದಳು. ಕರೆಯದೆಯೇ ಅಕ್ಕ ಎಲ್ಲಿಂದಲೋ ಬಂದು ಇನ್ನೊಂದು ಕಿವಿ ಹಿಡಿದಳು. ಇಬ್ಬರೂ ಕುಂಡವನ್ನು ತೂಗಾಡಿಸುತ್ತ ನಾಲ್ಕು ಹೆಜ್ಜೆ ಹೋದರು. ಅಕ್ಕ ಏನೋ ಅಂದಳು. ಅವಳು ಕುಂಡ ಇಳಿಸಿ ನಕ್ಕಳು. ಕಣ್ಣ ಕೆಳಗಿನ ಕಪ್ಪು ತಿಳಿಯಾಗಿತ್ತು, ಕೆನ್ನೆ ತುಂಬಿಕೊಂಡಿತ್ತು, ಬಿಸಿಲು ಒಂದು ಮಗ್ಗುಲಿಗೆ ಬಿದ್ದಿತ್ತು. ಮದುವೆಯಾದ ಹೊಸತರಲ್ಲಿ ಅವಳು ಹೀಗೆ ನಗುತ್ತಿದ್ದಳು ಎಂಬುದು ಅವನಿಗೆ ನೆನಪಾಯಿತು.

ಇದೇ ‘ಆಮೇಲೆ’ ಎಂದುಕೊಂಡ.

ಹಾಗೆ ಅಂದುಕೊಳ್ಳುವಷ್ಟರಲ್ಲಿ ಕೈ ಜೇಬಿಗೆ ಹೋಗಿಯಾಗಿತ್ತು. ಅವನು ಕಳಿಸಲಿಲ್ಲ, ಅದೇ ಹೋಯಿತು. ಫೋನ್ ಕಣ್ಣಿನ ಮಟ್ಟಕ್ಕೆ ಬಂತು. ಮುಖವನ್ನು ಎಡಕ್ಕೆ ತಂದು, ಬಲಕ್ಕೆ ತಲೆಬರಹಕ್ಕೆಂದು ಜಾಗ ಬಿಟ್ಟ. ಗೇಟು ಕಿರುಗುಟ್ಟಿತೋ, ಅವನ ನೆರಳು ಸರಿಯಿತೋ, ಅವಳು ತಲೆ ಎತ್ತಿದಳು. ಮೊದಲು ಅವನನ್ನು ನೋಡಿದಳು, ಆಮೇಲೆ ಅವನ ಕೈಯನ್ನು ನೋಡಿದಳು.

ಅವಳು ಸಿಟ್ಟಾಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಅವನ ಕೈಯಲ್ಲಿನ ಪರದೆಯ ಮೇಲೆ ನಗು ಮೆಲ್ಲಗೆ ಇಳಿಯಿತು. ಕೆನ್ನೆ ಸಡಿಲವಾಯಿತು, ಕಣ್ಣು ಅವನನ್ನು ದಾಟಿ ಆಚೆ ಎಲ್ಲೋ ನೆಟ್ಟಿತು. ಬೇಡ ಎಂದು ಮನಸ್ಸು ಹೇಳುವ ಮೊದಲೇ ಒತ್ತುವೈರಿಯ ಬೆರಳು ಒತ್ತಿಬಿಟ್ಟಿತ್ತು.

ಅಕ್ಕ ಬಂದು ಗೇಟಿನ ಚಿಲಕ ಹಾಕಿದಳು. ಬಸ್ಸಿನಲ್ಲಿ ಕೂತ ಮೇಲೆ ಅವನು ಚಿತ್ರ ತೆರೆದು ನೋಡಿದ. ಪೋಸ್ಟರಿನಲ್ಲಿದ್ದ ಮುಖವೇ ಬಂದಿತ್ತು.